ಟೇಪ್ ಹಚ್ಚಿದ ಹೂವು

ಸ್ನೇಹಿತರೇ, ಟೇಪ್ ಹಚ್ಚಿದ ಹೂವು ತಾನಾಗಿ ಬೀಳುವುದನ್ನು ನೋಡಿದ್ದೀರಾ? ಅಮೆರಿಕದ ನಮ್ಮ ಪ್ಲಿಮತ್ ಮನೆಯಲ್ಲಿ ಇವತ್ತು ಮಧ್ಯಾಹ್ನ ನೋಡಿದೆವು.

ಮಗಳಿಗೆ ಏಷ್ಯನ್-ಅಮೆರಿಕನ್ ಸ್ಟಡೀಸ್‌ನಲ್ಲಿ ಎಂ.ಎ. ಮಾಡುವಾಸೆ. ಶಿಕಾಗೋ ಹತ್ತಿರ ಸೀಟೂ ಸಿಕ್ಕಿದೆ. ಜೂನಿಯರ್‌ಗಳಿಗೆ ಪಾಠ ಮಾಡಿದರೆ ಫೀಸು ಮಾಫಿ.

"ಪುಕ್ಕಟೆ ಡಿಗ್ರಿಗೆ ಕೆಲಸ ಯಾರು ಕೊಡ್ತಾರೆ?" ಎಂಬುದು ನನ್ನ ಗಂಡನ ತಕರಾರು. ಕೊನೆಗೆ ಅವರೇ, "ತಾಯೀನೇ ಕೇಳೋಣ. ಬಲಗಡೆ ಹೂ ಬಿದ್ರೆ ಹೋಗ್ಲಿ" ಎಂದರು.

ದೇವರಕೋಣೆಯಲ್ಲಿ ಚಾಮುಂಡಿಯ ಪಟದ ಮೇಲೆ ಹೂವಿಟ್ಟು ಕೈ ಮುಗಿದೆವು. ಕಿಟಕಿ ಮುಚ್ಚಿತ್ತು, ಹೀಟರ್ ಆಫ್ ಆಗಿತ್ತು. ಹೂವು ಮೆಲ್ಲಗೆ ಸರಿದು ಬಲಕ್ಕೆ ಬಿತ್ತು.

"ನೀನು ಸರಿಯಾಗಿ ಇಟ್ಟಿರ್ಲಿಲ್ಲ ಕಣೇ" ಎಂದು ಗಂಡ ಅದೇ ಹೂವನ್ನು ಟೇಪ್ ಹಚ್ಚಿ ಅಂಟಿಸಿದರು. ಮೂವರೂ ನೋಡುತ್ತಿದ್ದಂತೆಯೇ ಅದು ಮತ್ತೆ ಬಲಕ್ಕೇ ಬಿತ್ತು. ಟೇಪ್ ಮಾತ್ರ ಪಟಕ್ಕೆ ಅಂಟಿಕೊಂಡೇ ಇತ್ತು. ಒಂದು ಮೂಲೆಯೂ ಎದ್ದಿರಲಿಲ್ಲ.

"ಡ್ಯಾಡ್, ಪ್ಲೀಸ್ ಡೋಂಟ್ ಆಸ್ಕ್ ಅಗೇನ್" ಎಂದಳು ದೇವರನ್ನೇ ನಂಬದ ಮಗಳು, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು.

ಗಂಡ ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟರು. "ಆಕ್ಸೆಪ್ಟ್ ಮಾಡಮ್ಮ. ಈಗ್ಲೇ ಮಾಡು."

ಅಂತೂ ಕಡಿಮೆ ಖರ್ಚಿನಲ್ಲಿ ಎಂ.ಎ. ಗಿಟ್ಟಿತು. ಆದರೆ ಸಂಜೆಯ ದೀಪ ಹಚ್ಚಲು ಆ ಕೋಣೆಗೆ ಹೋಗುವವರೇ ಇಲ್ಲ. ಪಕ್ಕದೂರು ಕ್ಯಾಂಟನ್ ಕಡೆಯ ಧೈರ್ಯವಂತರು ಯಾರಾದರೂ ಬರುತ್ತೀರಾ? ಕಾಫಿ ಕೊಡುತ್ತೇನೆ, ಹೊರಗೆ ಡ್ರೈವ್‌ವೇಯಲ್ಲಿ.