ತೂಕದಮ್ಮ ತಪ್ಪಾಗಿ ಹಾಡುವ ಹಾಡು

ನಮ್ಮ ಬಡಾವಣೆಯ ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ಮುದುಕಿಯನ್ನು ಎಲ್ಲರೂ ತೂಕದಮ್ಮ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಅವರಿಗೆ ಇದೊಂದೇ ಕೆಲಸ. ಕಾರಿಡಾರಿನ ಕೊನೆಯ ಕೋಣೆ. ಒಂದು ಬಾಗಿಲು, ಕಿಟಕಿಯಿಲ್ಲ. ಸೂರಿನ ಕೊಕ್ಕೆಗೆ ಗಡಿಯಾರದ ಮುಖದಂಥ ತೂಕದ ಯಂತ್ರ, ಅದರ ಕೆಳಗೆ ಬಟ್ಟೆಯ ಜೋಳಿಗೆ. ಜೋಳಿಗೆಯಲ್ಲಿ ಕೂಸು ಕೈಕಾಲು ಆಡಿಸುವಷ್ಟು ಹೊತ್ತೂ ಮುಳ್ಳು ನಡುಗುತ್ತದೆ. ಅದನ್ನು ಸುಮ್ಮನಾಗಿಸಲು ಅವರು ಹಾಡುತ್ತಾರೆ. ಮುಳ್ಳು ನಿಂತಿತೋ, ಹಾಡನ್ನು ಎಲ್ಲಿದೆಯೋ ಅಲ್ಲೇ ಬಿಡುತ್ತಾರೆ.

ಹಾಡು ಎಲ್ಲರಿಗೂ ಗೊತ್ತಿರುವುದೇ. ನನ್ನಮ್ಮ ನನ್ನನ್ನು ಮಲಗಿಸಿದ್ದು ಅದರಿಂದ. ಶಾಲೆಯಲ್ಲಿ ಅದನ್ನೇ ಹಾಡಿ ನಾನು ಬಹುಮಾನ ಗಿಟ್ಟಿಸಿದ್ದೆ.

ತೂಗುವ ದೊರೆ ಬಂದ ಹೊಸ್ತಿಲಿಗೆ
ಮುಳ್ಳಿನ ಮೇಲೆ ಕಣ್ಣಿಟ್ಟು
ಹೂವಿಗಿಂತ ಹಗುರ ನನ್ನ ಕಂದ
ಎತ್ತಿಕೋ ದೊರೆಯೆ ಮಡಿಲಿಗೆ

ದೊರೆಯೆಂದರೆ ದೇವರು, ತೂಗುವುದೆಂದರೆ ತೊಟ್ಟಿಲು ತೂಗುವುದು, ಮುಳ್ಳೆಂದರೆ ಅವನು ನಡೆದುಬಂದ ದಾರಿಯ ಮುಳ್ಳು. ಟೀಚರ್ ಹಾಗೆಯೇ ಅರ್ಥ ಬರೆಸಿದ್ದರು.

ನನ್ನ ಮಗನಿಗೆ ಎರಡು ತಿಂಗಳಾದರೂ ಮೈ ಹತ್ತುತ್ತಿರಲಿಲ್ಲ. ವಾರಕ್ಕೆರಡು ಸಲ ತೂಗಿಸಲು ಓಡುತ್ತಿದ್ದೆ. "ತೂಗಿ ತೂಗಿಯೇ ಮಗೂನ ಸವೆಸ್ತಾಳೆ ಇವಳು," ಎನ್ನುತ್ತಿದ್ದರು ಅತ್ತೆ.

ಆ ಗುರುವಾರ ತೂಕದಮ್ಮನೂ ಛೇಡಿಸಿದರು. "ಮತ್ತೆ ಬಂದ್ಯಾ ತಾಯಿ? ಇವನೇನು ಬಂಗಾರಾನಾ, ದಿನಾ ತೂಗಿಸೋಕೆ?"

ಮಗುವನ್ನು ಜೋಳಿಗೆಗೆ ಇಳಿಸಿ ಹಾಡತೊಡಗಿದರು. ಎಷ್ಟೋ ಸಲ ಕೇಳಿದ್ದೆ, ಗಮನಿಸಿರಲಿಲ್ಲ. ಅವರು ಹಾಡುತ್ತಿದ್ದುದು, 'ಕಲ್ಲಿಗಿಂತ ಭಾರ ನನ್ನ ಕಂದ, ಬಿಟ್ಟು ಹೋಗೋ ದೊರೆಯೆ' ಎಂದು.

"ಅಜ್ಜಿ, ತಪ್ಪು ಹಾಡ್ತಿದ್ದೀರಿ. ಕಲ್ಲಲ್ಲ, ಹೂವು. ಭಾರ ಅಲ್ಲ, ಹಗುರ," ಎಂದೆ. ಎಂದು ಸುಮ್ಮನಿರಬಾರದೆ? ಮಗುವಿನ ಮೇಲೆ ಬಾಗಿ ಸರಿಯಾದ ಸಾಲನ್ನು ಹಾಡಿಯೂ ತೋರಿಸಿದೆ.

ತೂಕದಮ್ಮನ ಸೋಪಿನ ವಾಸನೆಯ ಅಂಗೈ ನನ್ನ ಬಾಯಿ ಮುಚ್ಚಿತು. ಅಷ್ಟರಲ್ಲಿ ಮುಳ್ಳು ನಿಂತಿತ್ತು. ನಡುಕ ಕಡಿಮೆಯಾಗುತ್ತ ಬಂದು ನಿಂತದ್ದಲ್ಲ. ಯಾರೋ ಬೆರಳಿಟ್ಟು ಹಿಡಿದ ಹಾಗೆ. ಮಗ ರೆಪ್ಪೆ ಬಡಿಯದೆ ನನ್ನ ಭುಜದಾಚೆ ಬಾಗಿಲನ್ನು ನೋಡುತ್ತಿದ್ದ.

ತೂಕದಮ್ಮ ಅವನನ್ನು ಎತ್ತಿ ಅಂಗಾಲು ಚಿವುಟಿದರು. ಮಗ ಅತ್ತ. ಸೋಮವಾರಕ್ಕಿಂತ ನೂರೈವತ್ತು ಗ್ರಾಂ ಕಡಿಮೆಯಿದ್ದ.

"ತೊಟ್ಟಿಲು ತೂಗೋನು ಅಂತ ಯಾರು ಹೇಳಿದ್ರಮ್ಮ ನಿಂಗೆ? ತಕ್ಕಡಿ ತೂಗೋನು ಅವನು. ಒಂದು ತಟ್ಟೇಲಿ ಹೂವು, ಇನ್ನೊಂದರಲ್ಲಿ ಜೀವ. ಹೂವಿಗಿಂತ ಹಗುರ ಇದ್ದರೆ ಪಾಪ ಇಲ್ಲದ ಜೀವ ಅಂತ ಜೊತೇಲೇ ಕರ್ಕೊಂಡು ಹೋಗ್ತಾನೆ. ಭಾರ ಇದ್ದರೆ, ಇದಕ್ಕಿನ್ನೂ ಲೋಕದ ಋಣ ಇದೆ ಅಂತ ಬಿಡ್ತಾನೆ. ಹೆಣದ ಮುಂದೆ ಹಾಡೋ ಹಾಡು ಇದು. ರಾಗ ಚೆನ್ನಾಗಿದೆ ಅಂತ ಜನ ತೊಟ್ಟಿಲಿಗೆ ತಂದುಬಿಟ್ರು."

"ನಿಮಗೆ ಹೇಗೆ ಗೊತ್ತು?"

ಅವರು ಜೋಳಿಗೆಯ ಸುಕ್ಕನ್ನು ನೀವಿದರು. "ನನ್ನ ಮಗಳಿಗೆ ನಾನೂ ಸರಿಯಾದ ಪದಾನೇ ಹಾಡ್ತಿದ್ದೆ. ಒಂಬತ್ತು ದಿನ ಹಾಡಿದೆ."

ಹತ್ತನೆಯ ದಿನದ ಬಗ್ಗೆ ನಾನು ಕೇಳಲಿಲ್ಲ. ಅವರೇ ಮಾತು ಮುಂದುವರಿಸಿದರು: ಉಸಿರಿಲ್ಲದೆ ಹುಟ್ಟಿದ ಕೂಸುಗಳನ್ನೂ ಇಲ್ಲಿ ತೂಗಲೇಬೇಕಂತೆ, ನಿಯಮ. ಅವು ಅಲುಗುವುದಿಲ್ಲ, ಮುಳ್ಳು ನಡುಗುವುದಿಲ್ಲ. ಆದರೂ ತೂಕದಮ್ಮ ಹಾಡುತ್ತಾರೆ, ಅವಕ್ಕೆ ಮಾತ್ರ ಹೂವಿನ ಸಾಲು. "ಹೊಸ ಜಾಗಕ್ಕೆ ಹೊರಟಿರ್ತಾವಲ್ಲ, ಯಾರಾದ್ರೂ ಕೈ ಹಿಡೀಬೇಡ್ವಾ?"

ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಮೂರು ದಿನ ಮನೆಯಲ್ಲಿ ಆ ಹಾಡಿಗೆ ಬಾಯಿ ಬಿಡಲಿಲ್ಲ. ಮಗ ಎರಡು ಗುಟುಕು ಹಾಲು ಕುಡಿದು ಮುಖ ತಿರುವುತ್ತಿದ್ದ. ಮಟಮಟ ಮಧ್ಯಾಹ್ನ, ಮುಚ್ಚಿದ ಬಾಗಿಲನ್ನು ನೋಡಿ ನಗುತ್ತಿದ್ದ. ಎತ್ತಿಕೊಂಡಾಗಲೆಲ್ಲ ಹಿಂದಿನ ಸಲಕ್ಕಿಂತ ಹಗುರ ಎನಿಸುತ್ತಿತ್ತು. "ನಿನ್ನ ಕೈಗೇ ಭ್ರಮೆ," ಎಂದರು ಗಂಡ. ಡಾಕ್ಟರು ಔಷಧಿ ಬರೆದು, ಸೋಮವಾರವೂ ತೂಕ ಇಳಿದಿದ್ದರೆ ಅಡ್ಮಿಟ್ ಮಾಡಬೇಕು ಎಂದರು.

ಸೋಮವಾರ ಹನ್ನೊಂದು ಗಂಟೆಗೆ ಹೋದೆ. ಜೋಳಿಗೆಗೆ ಇಳಿಸಿದ ಕೂಡಲೆ ಮುಳ್ಳು ಗುರುವಾರದ ಗೀಟಿನಲ್ಲೇ ನಿಂತುಬಿಟ್ಟಿತು. ಮಗ ಮಿಸುಕಲಿಲ್ಲ.

ಮುಳ್ಳು ನಿಂತ ಮೇಲೆ ತೂಕದಮ್ಮ ಹಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಕಲ್ಲಿಗಿಂತ ಭಾರ ನನ್ನ ಕಂದ... ನೀನೂ ಹಾಡಮ್ಮ! ತಾಯಿ ಬಾಯಿಂದ ಬರ್ಬೇಕು!"

ಹಾಡಿದೆ. ಶ್ರುತಿಯಿಲ್ಲ, ತಾಳವಿಲ್ಲ. ನಾಚಿಕೆ ಬಿಟ್ಟು ಕಿರುಚಿದೆ. ನನ್ನ ಕತ್ತಿನ ಹಿಂದೆ ತಣ್ಣಗೆ ಉಸಿರಾಡಿದಂತಾಯಿತು. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಮಗ ಕಾಲು ಒದ್ದ. ಮುಳ್ಳು ನಡುಗಿತು, ಗುರುವಾರದ ಗೀಟು ದಾಟಿತು, ಇನ್ನೂ ನಾಲ್ಕು ಗೀಟು ಮುಂದೆ ಹೋಗಿ ನಿಂತಿತು. ಇನ್ನೂರು ಗ್ರಾಂ ಹೆಚ್ಚು.

ತೂಕದಮ್ಮ ಮಗುವನ್ನು ನನ್ನ ತೋಳಿಗೆ ಕೊಟ್ಟರು. ಆಮೇಲೆ ನನ್ನನ್ನು ದಾಟಿ ನೋಡುತ್ತ, ನೆಂಟರನ್ನು ಸಾಗಹಾಕುವ ದನಿಯಲ್ಲಿ, "ನೋಡಾಯ್ತಲ್ಲ? ಹೊರಡು ಮತ್ತೆ," ಎಂದರು.

ನನಗೆ ಹೇಳಿದರೆಂದುಕೊಂಡು ಮಗುವಿಗೆ ಬಟ್ಟೆ ಸುತ್ತತೊಡಗಿದೆ.

"ನಿಂಗಲ್ಲ ಮಗಳೇ. ಬಾಗಿಲಿಗೆ ಅಡ್ಡ ನಿಂತಿದ್ದೀಯ, ದಾರಿ ಬಿಡು."

ಗೋಡೆಗೆ ಒತ್ತಿಕೊಂಡು ಸರಿದೆ. ಯಾರೂ ಹೊರಗೆ ಹೋದದ್ದು ಕಾಣಲಿಲ್ಲ. ತೂಕದಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ಒಬ್ಬರು ದಾಟಿಹೋಗುವಷ್ಟು ಹೊತ್ತು ಕಾದು, ಬಾಗಿಲು ಹಾಕಿದರು.