ಆಕ್ರಾದಲ್ಲಿ ಕೇಳಿದ ತುಳು ಮಾತು

ವಾಮದಪದವಿನ ಅಜ್ಜಿಮನೆಯಲ್ಲಿ ಯಾರಾದರೂ ಕುಲೆ, ಪ್ರೇತ ಎಂದು ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ಭಯದಿಂದಲ್ಲ, ಬೇಸರದಿಂದ. ಇಲ್ಲದ್ದನ್ನು ಕೇಳಿಸಿಕೊಳ್ಳುವವರಿಗೆ ನಿದ್ದೆ ಕಡಿಮೆಯಾಗಿರಬೇಕು ಎಂದೇ ತಿಳಿದಿದ್ದೆ. ನನ್ನ ಈ ಅನುಭವ ಓದಿ ನೀವೂ ಹಾಗೆಯೇ ತಿಳಿದುಕೊಂಡರೆ ನನಗೆ ಬೇಜಾರಿಲ್ಲ.

ಸಾರ್ವಜನಿಕ ಆರೋಗ್ಯದ ಓದಿಗೆ ಸ್ಕಾಲರ್‌ಶಿಪ್ ಸಿಕ್ಕಿ ನಾನು ಘಾನಾದ ಆಕ್ರಾ ನಗರಕ್ಕೆ ಹೋಗಿದ್ದೆ. ಇಳಿದು ನೋಡಿದರೆ ನಮ್ಮ ಮಂಗಳೂರಿನದೇ ಸೆಕೆ, ಅದೇ ಉಪ್ಪುಗಾಳಿ. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಅಬೆನಾ, ಅಲ್ಲಿಯದೇ ಹುಡುಗಿ. ಅವಳಿಲ್ಲದಿದ್ದರೆ ನಾನು ಮೊದಲ ವಾರದಲ್ಲೇ ವಾಪಸಾಗುತ್ತಿದ್ದೆ. ಅಲ್ಲಿನ ಖಾರದ ಸಾರು ಉಣ್ಣಲು ಕಲಿಸಿದಳು. ಮನೆ ನೆನೆದು ಅತ್ತಾಗ ಪಕ್ಕದಲ್ಲೇ ಕುಳಿತಳು.

ಆ ಶನಿವಾರ ಬೆಳಿಗ್ಗೆ ಅನ್ನದ ಪಾತ್ರೆ ಕೊಳ್ಳಲು ಇಬ್ಬರೂ ಮಾರುಕಟ್ಟೆಗೆ ಹೊರಟೆವು. ಅಲ್ಲಿಯ ಸರ್ವೀಸ್ ವ್ಯಾನಿಗೆ ಟ್ರೋಟ್ರೋ ಎನ್ನುತ್ತಾರೆ. "ನೀನು ಕಿಟಕಿಗೆ ಕೂತ್ಕೋ, ಊರು ನೋಡು," ಎಂದು ಅಬೆನಾ ನನ್ನನ್ನು ಒಳಗೆ ಸರಿಸಿದಳು.

ವ್ಯಾನು ಇನ್ನೇನು ಹೊರಡಬೇಕು, ಕಿವಿಯ ಹತ್ತಿರವೇ ಒಂದು ಹೆಣ್ಣು ದನಿ. "ಜಪ್ಪು ಮಗಾ, ಬೇಗ ಜಪ್ಪು." ಇಳಿ, ಬೇಗ ಇಳಿ ಎಂದು ಅಚ್ಚ ತುಳುವಿನಲ್ಲಿ. ಅಮ್ಮನ ದನಿಯಲ್ಲ, ಅಜ್ಜಿಯದೂ ಅಲ್ಲ. ಊರಿನ ಬಸ್ಸಿನಲ್ಲಿ ಯಾರೋ ಹಿರಿಯರು ಹೇಳಿದಾಗ ಎದ್ದುಬಿಡುವಂತೆ ಎದ್ದೆ. ಅಬೆನಾಳ ಮೊಣಕಾಲು ದಾಟಿ ಕೆಳಗೆ ಹಾರಿದೆ.

"ಏನಾಯ್ತು?" ಎಂದು ಅವಳು ಕೂಗಿದಳು. ಉತ್ತರಿಸುವಷ್ಟರಲ್ಲಿ ಕಂಡಕ್ಟರ್ ಬಾಗಿಲು ಎಳೆದ. ಅವಳು ನನ್ನ ಜಾಗಕ್ಕೆ ಸರಿದು, ಮುಂದಿನ ಸ್ಟಾಪಿನಲ್ಲಿ ಕಾಯುತ್ತೇನೆ ಎಂದು ಕಿಟಕಿಯಿಂದ ಕೈ ಮಾಡಿದಳು.

ಆ ಸ್ಟಾಪ್ ಬರುವ ಮೊದಲೇ ಲಾರಿಯೊಂದು ವ್ಯಾನಿನ ಆ ಕಿಟಕಿಯ ಬದಿಗೇ ಗುದ್ದಿತು. ಯಾರೂ ಸಾಯಲಿಲ್ಲ. ಆದರೆ ಅಬೆನಾಳ ಬಲಗೈ ಜಜ್ಜಿಹೋಯಿತು; ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆಸ್ಪತ್ರೆಯ ವರಾಂಡದಿಂದ ಅಮ್ಮನಿಗೆ ಫೋನ್ ಮಾಡಿ, ನನಗೆ ಆ ದನಿ ಕೇಳಿದ ಹೊತ್ತಿಗೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಎಂತ ಮಾಡುವುದು ಮಗಾ, ಬೀಡಿ ಕಟ್ತಾ ಇದ್ದೆ. ಅಲ್ಲಿ ಕುಚ್ಚಲಕ್ಕಿ ಸಿಗ್ತದಾ?" ಎಂದಳು. ಅವಳಿಗೆ ಕನಸಿಲ್ಲ, ಕಳವಳವಿಲ್ಲ, ಏನೂ ಇಲ್ಲ. ವ್ಯಾನಿನಲ್ಲಿ ಇದ್ದವರೆಲ್ಲ ಅಲ್ಲಿಯವರೇ. ಅವರ ಭಾಷೆಯ ಮಾತೇ ನನಗೆ ಹಾಗೆ ಕೇಳಿರಬಹುದೇ ಎಂದು ಆಸ್ಪತ್ರೆಗೆ ಬಂದಿದ್ದ ಅಬೆನಾಳ ತಾಯಿಯನ್ನು ವಿಚಾರಿಸಿದೆ. ಅಂಥ ಮಾತು ತಮಗೆ ಗೊತ್ತಿಲ್ಲ ಎಂದರು.

ಇಳಿದದ್ದು ತಪ್ಪಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆದರೆ ನಾನು ದಾಟಿದ ಆ ಮೊಣಕಾಲಿನ ಮೇಲೆಯೇ ಅವಳ ಕೈ ಇತ್ತು. ಹಿಡಿದು ಎಳೆದಿದ್ದರೆ ಸಾಕಿತ್ತು. ದನಿ ಕರೆದದ್ದು ನನ್ನೊಬ್ಬಳನ್ನೇ ಎಂದು ನನಗೆ ಹೇಳಿದವರು ಯಾರು?

ಈಗ ಮೂಡುಬಿದಿರೆಯಲ್ಲಿ ಕೆಲಸದಲ್ಲಿದ್ದೇನೆ. ಅದು ಯಾರ ದನಿಯೋ, ಅಷ್ಟು ದೂರ ಹೇಗೆ ಬಂತೋ, ಇಂದಿಗೂ ಗೊತ್ತಿಲ್ಲ. ಅಬೆನಾ ಒಂದು ದಿನವೂ ನನ್ನನ್ನು ದೂರಲಿಲ್ಲ. ಓದು ಮುಗಿಸಿ ನಾನು ಹೊರಡುವ ಮುನ್ನಾದಿನ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು, "ನಿನ್ನ ಭಾಷೆ ಬರ್ತಿದ್ದರೆ ನನಗೂ ಕೇಳ್ತಿತ್ತಾ?" ಎಂದಳು.

ಆಮೇಲೆ, ಆ ಮಾತು ಹೇಳಿಕೊಡು ಎಂದಳು. ಹೇಳಿಕೊಟ್ಟೆ. "ಜಪ್ಪು," ಎಂದು ಮತ್ತೆ ಮತ್ತೆ ಮೆಲ್ಲಗೆ ಹೇಳಿ ನೋಡಿದಳು. ಅವಳ ಮುಖ ನೋಡಲಾರದೆ ನಾನು ಸೂಟ್‌ಕೇಸಿನ ಝಿಪ್ ಎಳೆಯುತ್ತ ಕುಳಿತೆ.