ಇಸಳೂರಿನ ಮನೆಯಲ್ಲಿ ಶುಕ್ರವಾರದ ಪ್ರಾರ್ಥನೆ

ನಮ್ಮದು ಶಿರಸಿಯ ಚಿಕ್ಕ ಕ್ರೈಸ್ತ ಸಭೆ. ಭಾನುವಾರ ಬಾಡಿಗೆ ಹಾಲ್‌ನಲ್ಲಿ ಆರಾಧನೆ, ಶುಕ್ರವಾರ ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ. ನಾಯಕತ್ವ, ಶಿಷ್ಯತ್ವ ಅಂತ ಮೊಬೈಲ್‌ನಲ್ಲಿ ಸಿಕ್ಕ ಪಾಠಗಳನ್ನೆಲ್ಲ ನಾನು ನೋಡಿದ್ದೇನೆ. ನಮ್ಮ ಪಾಸ್ಟರ್ ಕಲಿಸುವ ರೀತಿ ಬೇರೆ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಾರೆ. ಸಿದ್ದಾಪುರದಲ್ಲಿ ಕಾಯಿಲೆಯವರ ಮನೆ, ಯಲ್ಲಾಪುರದಲ್ಲಿ ಹೊಸ ಕುಟುಂಬ, ನಡುವೆ ಎಲ್ಲೋ ಒಂದು ಚಹಾ. ನೋಡಿ ಕಲಿ ಅನ್ನುವುದೂ ಇಲ್ಲ.

ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ನಮ್ಮ ಸಭೆಗೆ ಬರುತ್ತಾಳೆ. ಇಸಳೂರಿನ ಅವಳ ಮನೆಯಲ್ಲಿ ಯೇಸುವನ್ನು ನಂಬಿದವಳು ಅವಳೊಬ್ಬಳೇ. ಅತ್ತೆಯನ್ನು ಬಹಳ ಕೇಳಿಕೊಂಡು ಒಂದು ಶುಕ್ರವಾರದ ಪ್ರಾರ್ಥನೆಗೆ ಒಪ್ಪಿಸಿದ್ದಳು. ಅತ್ತೆಗೆ ಬೇಸರವಾದರೆ ಆ ಮನೆಗೆ ನಾವು ಮತ್ತೆ ಹೋಗುವ ಹಾಗಿಲ್ಲ, ಅವಳು ಭಾನುವಾರ ಹೊರಡುವುದೂ ಕಷ್ಟ. ಇದು ನಮಗೆಲ್ಲ ಗೊತ್ತಿತ್ತು.

ಆದರೂ ಬಸ್ಸಿನ ಹೊತ್ತು ನೋಡಿಯೇ ನಾವು ಸಮಯ ಇಟ್ಟಿದ್ದು. ಸರಿಯಾಗಿ ಮುಸ್ಸಂಜೆ. ಜಗಲಿ ತುಂಬ ಜನ, ಜಾಗ ಸಾಲದೆ ನಾನು ತಮಟೆ ಹಿಡಿದು ಹೊಸ್ತಿಲ ಮೇಲೆ ಕೂತೆ. ಪಾಸ್ಟರ್ ಬೈಬಲ್ ತೆರೆದು ವಾಕ್ಯ ಹೇಳಲು ಶುರುಮಾಡಿದ್ದರಷ್ಟೆ. ಅತ್ತೆ ಒಳಗಿನಿಂದ ದೀಪ ಹಿಡಿದು ಬಂದು ನಿಂತರು. ತುಳಸಿಕಟ್ಟೆ ಅಂಗಳದಲ್ಲಿತ್ತು, ದಾರಿ ಇರಲಿಲ್ಲ. ಅವರು ಗಾಳಿಗೆ ಅಂಗೈ ಅಡ್ಡ ಹಿಡಿದು ಕಾದರು. ಅಕ್ಕ ತಲೆ ಎತ್ತಲಿಲ್ಲ.

ಪಾಸ್ಟರ್ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಎದ್ದರು. ಎಲ್ಲರನ್ನೂ ಎಬ್ಬಿಸಿ, ತಾವೇ ಬಗ್ಗಿ ಚಾಪೆ ಸರಿಸಿದರು. ನಾನು ಹೊಸ್ತಿಲಿಂದ ಹಾರಿ ಅಂಗಳಕ್ಕೆ ಬಿದ್ದೆ ಅನ್ನಬೇಕು. ಅತ್ತೆ ದೀಪ ಇಟ್ಟು, ಕೈಮುಗಿದು, ಒಳಗೆ ಹೋಗುವವರೆಗೂ ನಾವು ಸುಮ್ಮನೆ ನಿಂತಿದ್ದೆವು. ಆಮೇಲೆ ಪಾಸ್ಟರ್ ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಚಹಾ ಬಂದಾಗ ಅವರು, ನಾವು ಹೊತ್ತು ತಪ್ಪಿ ಬಂದೆವು, ನಿಮಗೆ ಯಾವಾಗ ಅನುಕೂಲ ಅಂತ ಅತ್ತೆಯನ್ನೇ ಕೇಳಿದರು. ಅತ್ತೆ ಲೋಟ ಹಂಚುತ್ತಲೇ ಹೇಳಿದರು:

"ದೀಪ ಹಚ್ಚಿ ಆದ್ಮೇಲೆ ಬನ್ನಿ. ಎಂಟಕ್ಕೆ ಮುಗ್ಸಿ, ನಂದು ಧಾರಾವಾಹಿ ಅದೆ. ಮತ್ತೆ ಈ ತಮ್ಮಂಗೆ ಹೊಸ್ತಿಲ ಮೇಲೆ ಕೂತ್ಕಳ್ಬ್ಯಾಡ ಅಂತ ಹೇಳಿ."

ಎಲ್ಲರೂ ನಕ್ಕರು. ಅಕ್ಕ ನಕ್ಕಿದ್ದು ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಬಸ್ಸಿಗೆ ಕಾಯುವಾಗ ನಮ್ಮ ಹಿರಿಯರೊಬ್ಬರು ಗೊಣಗಿದರು. ದೇವರ ವಾಕ್ಯವನ್ನು ನಡುವೆ ನಿಲ್ಲಿಸಬಹುದಾ ಅನ್ನುವುದು ಅವರ ಪ್ರಶ್ನೆ. ಪಾಸ್ಟರ್ ಹೇಳಿದ್ದು ಇಷ್ಟೇ: "ಅದು ಅವರ ಮನೆ ಮಾರಾಯ್ರೇ. ನಾವು ಹೋದ ನೆಂಟರು."

ಈಗ ಆ ಮನೆಗೆ ಹೋಗುವುದು ಅತ್ತೆ ಹೇಳಿದ ಹೊತ್ತಿಗೇ, ಮುಗಿಯುವಾಗ ವಾಪಸ್ ಬಸ್ಸಿಲ್ಲ. ವಾಕ್ಯ ಹೇಳುವ ಆಸೆಯಲ್ಲಿದ್ದ ನನಗೆ ಪಾಸ್ಟರ್ ಕೊಟ್ಟ ಮೊದಲ ಜವಾಬ್ದಾರಿ, ವಯಸ್ಸಾದವರನ್ನು ಒಬ್ಬೊಬ್ಬರಾಗಿ ಬೈಕಿನಲ್ಲಿ ಶಿರಸಿಗೆ ಮುಟ್ಟಿಸುವುದು. ಗೊಣಗಿದ ಹಿರಿಯರೇ ಮೊದಲು ಹತ್ತುತ್ತಾರೆ. ದಾರಿಯುದ್ದಕ್ಕೂ ಬೈಬಲ್ ಬಗ್ಗೆ ಪ್ರಶ್ನೆ ಕೇಳುತ್ತಾರೆ, ನನಗೂ ಖುಷಿ.

ಆ ಸಂಜೆಯ ಮುಂದಿನ ಶುಕ್ರವಾರ ನಾವು ಹೋಗುವಾಗ ಅತ್ತೆಯೇ ಚಾಪೆ ಹಾಸಿಟ್ಟಿದ್ದರು. ಹಿಂದಿನ ಸಲ ತುಟಿ ಮಾತ್ರ ಆಡಿಸಿದ್ದ ಅಕ್ಕ, ಅವತ್ತು ತನ್ನ ಮನೆಯಲ್ಲಿ ದನಿಯೆತ್ತಿ ಹಾಡಿದಳು.